ಸ್ವಂತ ದೇಶಕ್ಕೆ ಎರಡೇ ದಿನ: ಅಪ್ಪ ಅಮ್ಮನ ಜೊತೆ ಒಂದು ರೈಲು ಪ್ರವಾಸ

ಯುರೋಪಿನ ರೈಲು ಪಾಸ್ ಕೊಳ್ಳುವಾಗ ಮೊದಲು ಕೇಳುವುದು ನೀವು ಎಲ್ಲಿ ವಾಸ ಮಾಡ್ತೀರಿ ಅಂತ. ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ನನ್ನ ಪಾಸ್‌ಪೋರ್ಟ್ ಭಾರತದ್ದು, ಊರು ಅರಸೀಕೆರೆ. ಆದರೆ ಕೆಲಸ, ಬಾಡಿಗೆ ಮನೆ, ವಾಸದ ಪರವಾನಗಿ ಎಲ್ಲ ಹ್ಯಾಂಬರ್ಗ್‌ನಲ್ಲಿ. ಹಾಗಾಗಿ ಪಾಸ್ ಲೆಕ್ಕದಲ್ಲಿ ನನ್ನ ದೇಶ ಜರ್ಮನಿ.

2025ರ ಜೂನ್‌ನಲ್ಲಿ ಅಪ್ಪ ಅಮ್ಮ ಬಂದಿದ್ದರು. ಮೂವರೂ ರೈಲಲ್ಲೇ ಸುತ್ತೋಣ ಅಂತ ಮಾತಾಯಿತು. ಅವರಿಗೆ ಯೂರೇಲ್ ಪಾಸ್, ನನಗೆ ಇಂಟರ್‌ರೇಲ್ ಪಾಸ್. ಯೂರೇಲ್ ಶುರುವಾಗಿದ್ದು 1959ರಲ್ಲಿ, ಯುರೋಪಿನ ಹೊರಗೆ ವಾಸ ಮಾಡುವವರಿಗಾಗಿ. ಇಂಟರ್‌ರೇಲ್ 1972ರಲ್ಲಿ ಬಂತು, ಯುರೋಪಿನಲ್ಲೇ ಇರುವ 21 ವರ್ಷದೊಳಗಿನ ಹುಡುಗ ಹುಡುಗಿಯರಿಗಾಗಿ. ಈಗ ಎರಡೂ ಎಲ್ಲ ವಯಸ್ಸಿನವರಿಗೂ ಸಿಗುತ್ತವೆ, ಎರಡೂ 33 ದೇಶಗಳಲ್ಲಿ ನಡೆಯುತ್ತವೆ. 60 ದಾಟಿದವರಿಗೆ ನೂರಕ್ಕೆ 10 ರಿಯಾಯಿತಿ. ನಾವು ಮೂವರೂ ತೆಗೆದುಕೊಂಡಿದ್ದು ಒಂದು ತಿಂಗಳೊಳಗೆ ಯಾವುದಾದರೂ 7 ದಿನ ಓಡಾಡಬಹುದಾದ ಗ್ಲೋಬಲ್ ಪಾಸ್. ಒಂದು ದಿನ ಅಂದರೆ ನಡುರಾತ್ರಿಯಿಂದ ನಡುರಾತ್ರಿವರೆಗೆ. ಆ ದಿನ ಎಷ್ಟು ರೈಲು ಹತ್ತಿದರೂ ಒಂದೇ ಲೆಕ್ಕ.

ಎರಡು ಪಾಸಿಗೂ ವ್ಯತ್ಯಾಸ ಇರೋದು ಒಂದೇ ಕಡೆ. ಅಪ್ಪ ಅಮ್ಮ ಜರ್ಮನಿಯಲ್ಲಿ 7 ದಿನವೂ ಓಡಾಡಬಹುದು. ನಾನು ಜರ್ಮನಿಯಲ್ಲಿ ಎರಡೇ ದಿನ. ದೇಶ ಬಿಟ್ಟು ಹೋಗೋಕೆ ಒಂದು, ವಾಪಸ್ ಬರೋಕೆ ಒಂದು. ಆ ಎರಡೂ 7ರ ಒಳಗೇ ಸೇರುತ್ತವೆ, ಜಾಸ್ತಿ ಕೊಡೋದಿಲ್ಲ. 2016ಕ್ಕೆ ಮುಂಚೆ ಇಷ್ಟೂ ಇರಲಿಲ್ಲವಂತೆ. ಸ್ವಂತ ದೇಶದ ಗಡಿವರೆಗೆ ಬೇರೆ ಟಿಕೆಟ್ ತೆಗೆದುಕೊಂಡೇ ಹೋಗಬೇಕಿತ್ತು.

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರೆ ಇವರ ಪ್ರಕಾರ ನಿನ್ನ ದೇಶ ಇದೇನಾ ಪುಟ್ಟಿ?"

"ಪಾಸ್ ಪ್ರಕಾರ ಅಷ್ಟೇ ಅಮ್ಮ."

ಅಪ್ಪನಿಗೆ ಮಾತ್ರ ಒಂದೇ ಸಲಕ್ಕೆ ಅರ್ಥ ಆಯಿತು. ಅವರು ಸ್ಟೇಷನ್ ಮಾಸ್ಟರ್ ಆಗಿದ್ದವರು. ನಮ್ಮನ್ನು ಕಾಶಿಗೆ, ಕನ್ಯಾಕುಮಾರಿಗೆ ಕರೆದುಕೊಂಡು ಹೋಗಿದ್ದೆಲ್ಲ ರೈಲ್ವೆ ಪಾಸಿನಲ್ಲೇ. ವರ್ಷಕ್ಕೆ ಇಷ್ಟು ಸೆಟ್ ಅಂತ ಸಿಗುತ್ತಿತ್ತು. ಒಂದು ಸೆಟ್ ಅಂದರೆ ಹೋಗೋಕೊಂದು, ಬರೋಕೊಂದು. ಹತ್ತಿರದ ಊರಿಗೆ ಅಪ್ಪ ಯಾವತ್ತೂ ಪಾಸ್ ಬರೆಸುತ್ತಿರಲಿಲ್ಲ. ಹಾಸನಕ್ಕೋ ತಿಪಟೂರಿಗೋ ಆದರೆ ಕೈಯಿಂದ ದುಡ್ಡು ಕೊಟ್ಟು ಟಿಕೆಟ್. "ಪಾಸ್ ಇರೋದು ದೂರಕ್ಕೆ" ಅನ್ನುತ್ತಿದ್ದರು.

ನನ್ನ ಎರಡು ದಿನಗಳಿಗೂ ಅವರು ಅದೇ ಮಾತು ಹೇಳಿದರು. ಹ್ಯಾಂಬರ್ಗ್ ಜರ್ಮನಿಯ ಉತ್ತರದಲ್ಲಿದೆ. ಹೋಗುವಾಗ ನೈಋತ್ಯದ ಮೂಲೆಯಿಂದ ಹೊರಗೆ ಬೀಳೋಣ, ಬರುವಾಗ ಆಗ್ನೇಯದ ಮೂಲೆಯಿಂದ ಒಳಗೆ ಬರೋಣ. ಎರಡು ದಿನದಲ್ಲಿ ಇಡೀ ದೇಶವನ್ನು ಎರಡು ಸಲ ಉದ್ದಕ್ಕೆ ದಾಟಿದ ಹಾಗಾಗುತ್ತದೆ. ಭೂಪಟದ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದು ಅಪ್ಪ. ನಾನು ಆಪ್‌ನಲ್ಲಿ ರೈಲು ಹುಡುಕಿದೆ.

ದಿನ 1: ಹ್ಯಾಂಬರ್ಗ್‌ನಿಂದ ಕೂರ್‌ಗೆ

"ಕೂರ್ ಅಂತಾನೇ ಊರ ಹೆಸರಾ?" ಅಂತ ಅಮ್ಮ ಎರಡು ಸಲ ಕೇಳಿದಳು. ಹೌದು, ಸ್ವಿಟ್ಜರ್‌ಲ್ಯಾಂಡಿನ ಪೂರ್ವಕ್ಕಿರುವ ಹಳೆಯ ಊರು. ಬೆಳಿಗ್ಗೆ ಬೇಗ ಹ್ಯಾಂಬರ್ಗ್ ಬಿಟ್ಟೆವು. ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ, ಮೊಸರನ್ನ.

ಜರ್ಮನಿಯ ವೇಗದ ರೈಲು ಐಸಿಇಗೆ ಪಾಸ್ ಇದ್ದವರು ಸೀಟು ಕಾದಿರಿಸಲೇಬೇಕು ಅಂತಿಲ್ಲ. ಖಾಲಿ ಇದ್ದ ಕಡೆ ಕೂರಬಹುದು. ಆದರೆ ಅಮ್ಮನ ಮಂಡಿ ನೋವು ನೆನೆದು ಮೂರು ಸೀಟು ಕಾದಿರಿಸಿದ್ದೆ. ಬೇಸಿಗೆಯಲ್ಲಿ ದೊಡ್ಡವರನ್ನು ಕರೆದುಕೊಂಡು ಹೋಗುವವರಿಗೆ ನಾನು ಇದನ್ನೇ ಹೇಳೋದು. ಫ್ರಾನ್ಸಿನ ಟಿಜಿವಿ, ಇಟಲಿಯ ವೇಗದ ರೈಲುಗಳಿಗಾದರೆ ಸೀಟು ಕಾದಿರಿಸದೆ ಹತ್ತುವ ಹಾಗೇ ಇಲ್ಲ, ಅದಕ್ಕೆ ಬೇರೆ ದುಡ್ಡು. ಇಟಲಿಯ ಒಂದು ಗಡಿಯೂರು ಮುಟ್ಟಿ ಬಂದಿದ್ದು ಬಿಟ್ಟರೆ ನಾವು ಆ ಎರಡು ದೇಶಗಳ ಕಡೆ ಹೋಗದಿರಲು ಅದೂ ಒಂದು ಕಾರಣ.

ಪಾಸ್ ಇರೋದು ಮೊಬೈಲ್‌ನಲ್ಲಿ. ಹತ್ತುವ ಪ್ರತಿ ರೈಲನ್ನೂ ಆಪ್‌ನಲ್ಲಿ ಸೇರಿಸಬೇಕು, ಆಮೇಲೆ ಆ ದಿನದ ಕ್ಯೂಆರ್ ಕೋಡ್ ಬರುತ್ತದೆ. ಅಪ್ಪ ಅದರ ಜೊತೆಗೆ ತಮ್ಮ ಉದ್ದನೆಯ ನೋಟ್‌ಬುಕ್ಕಿನಲ್ಲೂ ಬರೆದುಕೊಂಡರು. ರೈಲಿನ ನಂಬರು, ಬಿಟ್ಟ ಹೊತ್ತು, ತಲುಪಿದ ಹೊತ್ತು. ಪಕ್ಕದಲ್ಲಿ ಎರಡು ಕಾಲಂ. ಒಂದಕ್ಕೆ "ನಾವು", ಇನ್ನೊಂದಕ್ಕೆ "ಪುಟ್ಟಿ". ನನ್ನ ಕಾಲಂನಲ್ಲಿ ಮೊದಲನೇ ದಿನದ ಮುಂದೆ "ಹೋಗೋದು, ಮುಗೀತು" ಅಂತ ಬರೆದರು.

ಹ್ಯಾನೋವರ್, ಗ್ಯೋಟಿಂಗನ್, ಕಾಸೆಲ್, ಫ್ರಾಂಕ್‌ಫರ್ಟ್, ಮ್ಯಾನ್‌ಹೈಮ್. ಮಧ್ಯಾಹ್ನ ಕಾರ್ಲ್ಸ್‌ರೂಹ ದಾಟಿದ ಮೇಲೆ ಎಡಗಡೆ ಬ್ಲಾಕ್ ಫಾರೆಸ್ಟ್ ಗುಡ್ಡಗಳು ಶುರು. ಎಂಟು ವರ್ಷದಿಂದ ಈ ದೇಶದಲ್ಲಿದ್ದೇನೆ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಒಂದೇ ದಿನದಲ್ಲಿ, ಕಿಟಕಿ ಪಕ್ಕ ಕೂತು, ಏನೂ ಕೆಲಸ ಮಾಡದೆ ನೋಡಿದ್ದು ಅದೇ ಮೊದಲು. ಬಯಲು ನಿಧಾನಕ್ಕೆ ಗುಡ್ಡವಾಗೋದು, ಮನೆಗಳ ಕೆಂಪು ಇಟ್ಟಿಗೆ ಹೋಗಿ ಬಿಳಿ ಗೋಡೆ ಬರೋದು, ಎಲ್ಲ ಕಂಡಿತು. ಇಲ್ಲೇ ಫ್ರೈಬುರ್ಗ್‌ನಲ್ಲಿ ಮನೆ ಇದ್ದಿದ್ದರೆ ಮುಕ್ಕಾಲು ಗಂಟೆಯಲ್ಲಿ ನನ್ನ "ಹೋಗೋ ದಿನ" ಖರ್ಚಾಗಿಬಿಡುತ್ತಿತ್ತು ಅಲ್ವಾ? ಗಡಿ ಹತ್ತಿರ ಇರುವವರು ಆ ದಿನವನ್ನು ಯಾವ ದಿಕ್ಕಿಗೆ ಹಾಕಬೇಕು ಅಂತ ನಿಜವಾಗಿಯೂ ಯೋಚನೆ ಮಾಡಬೇಕು.

ಬಾಸೆಲ್‌ನಲ್ಲಿ ಅಪ್ಪ ಎದ್ದು ನಿಂತೇಬಿಟ್ಟರು. ಅಲ್ಲಿ ಬಾಡಿಷರ್ ಬಾನ್‌ಹೋಫ್ ಅಂತ ಒಂದು ಸ್ಟೇಷನ್ ಇದೆ. ನೆಲ ಸ್ವಿಟ್ಜರ್‌ಲ್ಯಾಂಡಿನದ್ದು, ಸ್ಟೇಷನ್ ಜರ್ಮನಿಯ ರೈಲ್ವೆಯದ್ದು. ಅದಾದ ಮೇಲೆ ರೈನ್ ನದಿ ದಾಟಿದರೆ ಸ್ವಿಸ್ ಸ್ಟೇಷನ್. "ಹಾಗಾದ್ರೆ ಇಲ್ಲಿ ಸಿಗ್ನಲ್ ಯಾರದ್ದು?" ಅನ್ನೋದು ಅಪ್ಪನ ಚಿಂತೆ.

ಜ್ಯೂರಿಕ್‌ನಿಂದ ಕೂರ್‌ಗೆ ಹೋಗುವಾಗ ಎಡಗಡೆ ಕೂತುಕೊಳ್ಳಿ. ಮೊದಲು ಜ್ಯೂರಿಕ್ ಕೆರೆ, ಆಮೇಲೆ ವಾಲೆನ್ಜೇ ಅನ್ನುವ ಇನ್ನೊಂದು ಕೆರೆ. ಆಚೆ ದಡದಲ್ಲಿ ಬಂಡೆ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಸಂಜೆ ಬಿಸಿಲಿಗೆ ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಲೇ ಇದ್ದಳು.

ದಿನ 2: ಮೀಟರ್ ಗೇಜ್

ಇಡೀ ಪ್ರವಾಸದಲ್ಲಿ ಒಂದು ದಿನ ಮಾತ್ರ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳೋದು ಇದನ್ನೇ.

ಕೂರ್‌ನಿಂದ ಸೇಂಟ್ ಮೊರಿಟ್ಸ್, ಅಲ್ಲಿಂದ ಬೆರ್ನಿನಾ ಬೆಟ್ಟ ದಾಟಿ ಇಟಲಿಯ ತಿರಾನೊ. ಈ ದಾರಿಗೆ ಬೆರ್ನಿನಾ ಎಕ್ಸ್‌ಪ್ರೆಸ್ ಅಂತ ದೊಡ್ಡ ಗಾಜಿನ ಕಿಟಕಿಯ ರೈಲಿದೆ. ಅದಕ್ಕೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕಟ್ಟಬೇಕು. ಅದೇ ಹಳಿ ಮೇಲೆ ಮಾಮೂಲಿ ರೈಲೂ ಓಡುತ್ತದೆ. ಅದಕ್ಕೆ ಏನೂ ಕೊಡಬೇಕಿಲ್ಲ, ಪಾಸ್ ಸಾಕು. ಮಾಮೂಲಿ ರೈಲಿನ ಕಿಟಕಿ ಎಷ್ಟೋ ಬೋಗಿಗಳಲ್ಲಿ ಕೆಳಗೆ ಇಳಿಯುತ್ತದೆ. ಗಾಳಿ ಮುಖಕ್ಕೆ ಬರುತ್ತದೆ. ನನಗಂತೂ ಇದೇ ಮೇಲು.

ಪ್ಲಾಟ್‌ಫಾರಂಗೆ ಕೆಂಪು ರೈಲು ಬಂತು. ಅಪ್ಪ ಬೋಗಿ ನೋಡಲಿಲ್ಲ, ಹಳಿ ನೋಡಿದರು.

"ಏನೇ ಇದು, ಮೀಟರ್ ಗೇಜ್!"

ಹೌದು. ಈ ರೈಲು ಓಡಿಸುವ ರೇಷಿಯನ್ ರೈಲ್ವೆ ಇವತ್ತಿಗೂ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರ್. ನಮ್ಮ ಕಡೆ ಅರಸೀಕೆರೆ, ಹಾಸನ, ಸಕಲೇಶಪುರದ ಲೈನ್ ಎಲ್ಲ ಮೊದಲು ಮೀಟರ್ ಗೇಜೇ. ಮಂಗಳೂರಿಗೆ ಘಾಟ್ ಇಳಿಯುವ ಆ ಲೈನ್ 1979ರಲ್ಲಿ ಶುರುವಾಯಿತು. ಅಪ್ಪ ಕೆಲಸಕ್ಕೆ ಸೇರಿದ್ದು ಅದರ ಮರುವರ್ಷ. 90ರ ದಶಕದಲ್ಲಿ ಬ್ರಾಡ್ ಗೇಜ್ ಮಾಡೋಕೆ ಆ ಹಳಿ ಕಿತ್ತರು. ಘಾಟಿಯಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರಲ್ಲಿ. ಆ ಹೊತ್ತಿಗೆ ಅಪ್ಪನ ಕೈಯಲ್ಲಿ ಓಡಿದ ಸಣ್ಣ ರೈಲುಗಳೆಲ್ಲ ಹೋಗಿದ್ದವು. ಬಳೆ ಹಾಗಿನ ಬೆತ್ತಕ್ಕೆ, ರೈಲು ಮುಂದೆ ಹೋಗಬಹುದು ಅನ್ನೋ ಗುರುತಿನ ಟೋಕನ್ ಕಟ್ಟಿ, ಓಡುವ ರೈಲಿನ ಡ್ರೈವರ್ ಕೈಗೆ ಸಿಗುವ ಹಾಗೆ ಎತ್ತಿ ಹಿಡಿಯೋದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ.

ಆಮೇಲೆ ಎರಡು ಗಂಟೆ ಅಪ್ಪ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬಲಗಡೆ ಕೂತಿದ್ದೆವು, ಲಾಂಡ್‌ವಾಸರ್ ಸೇತುವೆ ಆ ಕಡೆಯಿಂದಲೇ ಚೆನ್ನಾಗಿ ಕಾಣೋದು. 65 ಮೀಟರ್ ಎತ್ತರ, 136 ಮೀಟರ್ ಉದ್ದ. ಕಲ್ಲಿನ ಕಮಾನುಗಳ ಮೇಲೆ ರೈಲು ಬಿಲ್ಲಿನ ಹಾಗೆ ಬಾಗುತ್ತದೆ, ಸೇತುವೆ ಮುಗಿದ ಕಡೆಯೇ ಬಂಡೆಯ ಸುರಂಗಕ್ಕೆ ನುಗ್ಗುತ್ತದೆ. ಅದಾದ ಮೇಲೆ ಬಂದ ಸ್ಟೇಷನ್ ಫಿಲಿಸೂರ್. ಅಮ್ಮ ಬೋರ್ಡ್ ಓದಿ, "ಇದು ನಮ್ಮ ಕಡೂರು, ಬೀರೂರು ಇದ್ದಂಗೇ ಇದೆಯಲ್ಲ" ಅಂದಳು.

ಬೆರ್ಗ್ಯೂನ್‌ನಿಂದ ಪ್ರೇದಾಕ್ಕೆ ನೇರ ಲೆಕ್ಕದಲ್ಲಿ ದೂರ ತೀರಾ ಕಡಿಮೆ. ಆದರೆ 400 ಮೀಟರ್‌ಗೂ ಜಾಸ್ತಿ ಮೇಲೇರಬೇಕು. ಅದಕ್ಕೆ ಹಳಿಯನ್ನು ಜಿಲೇಬಿ ಸುತ್ತಿದ ಹಾಗೆ ಸುತ್ತಿದ್ದಾರೆ. ಬೆರ್ಗ್ಯೂನ್‌ನ ಚರ್ಚ್ ಗೋಪುರ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ, ಪ್ರತಿ ಸಲವೂ ಇನ್ನಷ್ಟು ಕೆಳಗೆ ಕಾಣುತ್ತದೆ.

ಸೇಂಟ್ ಮೊರಿಟ್ಸ್‌ನಲ್ಲಿ ರೈಲು ಬದಲಿಸಿದೆವು. ಬೆರ್ನಿನಾ ಲೈನಿಗೆ ಹಲ್ಲಿನ ಹಳಿ ಇಲ್ಲ. ಊಟಿ ರೈಲಿನ ಹಾಗೆ ಕಚ್ಚಿಕೊಂಡು ಹತ್ತೋದಲ್ಲ, ಬರೀ ಗಾಲಿ ಹಳಿಯ ಹಿಡಿತದಲ್ಲೇ ಹತ್ತುತ್ತದೆ. ಏರು 1000 ಮೀಟರ್‌ಗೆ 70 ಮೀಟರ್. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "14ಕ್ಕೆ 1! ನಮ್ಮ ಸಕಲೇಶಪುರ ಘಾಟಿ 50ಕ್ಕೆ 1. ಅದಕ್ಕೇ ಹಿಂದೊಂದು ಮುಂದೊಂದು ಎಂಜಿನ್ ಬೇಕು ಅಂತಿದ್ವಿ."

ಓಸ್ಪಿಜಿಯೊ ಬೆರ್ನಿನಾ ಸ್ಟೇಷನ್ 2,253 ಮೀಟರ್ ಎತ್ತರದಲ್ಲಿದೆ. ಅಲ್ಲಿಳಿದು ಮುಂದಿನ ರೈಲಿನವರೆಗೆ ಒಂದು ಗಂಟೆ ಇದ್ದೆವು. ಅಕ್ಕಪಕ್ಕದಲ್ಲಿ ಕೆರೆಗಳು. ಒಂದು ಲೇ ನೈರ್, ಕಪ್ಪು ಕೆರೆ. ಇನ್ನೊಂದು ಲಾಗೊ ಬಿಯಾಂಕೊ, ಬಿಳಿ ಕೆರೆ. ಹಿಮನದಿಯ ಹುಡಿ ಬೆರೆತು ಅದರ ನೀರು ತೆಳು ಹಾಲಿನ ಬಣ್ಣಕ್ಕಿದೆ. ಕಪ್ಪು ಕೆರೆಯ ನೀರು ಇನ್ ನದಿಗೆ ಹೋಗಿ, ಡ್ಯಾನ್ಯೂಬ್ ಸೇರಿ, ಕಪ್ಪು ಸಮುದ್ರಕ್ಕೆ ಬೀಳುತ್ತದೆ. ಬಿಳಿ ಕೆರೆಯದ್ದು ಇಟಲಿ ಕಡೆಗಿಳಿದು ಪೋ ನದಿ ಸೇರಿ ಆಡ್ರಿಯಾಟಿಕ್ ಸಮುದ್ರಕ್ಕೆ. ನಡುವೆ ಇರೋದು ನಡೆದು ದಾಟುವಷ್ಟು ನೆಲ.

ಅಮ್ಮನ ತವರು ಸಕಲೇಶಪುರದ ಹತ್ತಿರ. ಅವಳಿಗೆ ಇದು ಹೊಸದಲ್ಲ. ಅಲ್ಲೂ ಗುಡ್ಡದ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ ಪೂರ್ವಕ್ಕೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದ್ದು ಕುಮಾರಧಾರೆ ಸೇರಿ ಪಶ್ಚಿಮಕ್ಕೆ. "ಈ ಕಪ್ಪು ಕೆರೆ ನೀರು ಮುಂದೆ ಎಲ್ಲಿ ಸಿಗುತ್ತೆ ನಮಗೆ?" ಅಂತ ಕೇಳಿದಳು. ಇನ್ಸ್‌ಬ್ರುಕ್‌ನಲ್ಲಿ ಸಿಗುತ್ತೆ ಅಂದೆ.

ಇಳಿಯುವಾಗ ಬ್ರೂಸಿಯೊ ಊರಿನ ಹತ್ತಿರ 9 ಕಮಾನಿನ ಒಂದು ಸುತ್ತು ಸೇತುವೆ ಇದೆ. ರೈಲು ಬಯಲಲ್ಲೇ ಒಂದು ಸುತ್ತು ಹಾಕಿ, ತಾನು ಬಂದ ಹಳಿಯ ಕೆಳಗೇ ನುಸುಳುತ್ತದೆ. ಕಿಟಕಿಯಿಂದ ನಮ್ಮದೇ ರೈಲಿನ ಕೊನೆ ಬೋಗಿ ಮೇಲಿರೋದು ಕಂಡಿತು. ತಿರಾನೊ ಊರೊಳಗೆ ಚರ್ಚಿನ ಮುಂದೆಯೇ, ರಸ್ತೆ ಮೇಲೆ ಹಾದು ಹೋಯಿತು. ಒಂದೆರಡು ಗಂಟೆ ಅಲ್ಲಿದ್ದು, ಅದೇ ದಿನದ ಪಾಸಿನಲ್ಲಿ ಸ್ವಲ್ಪ ಹಿಂದಕ್ಕೆ ಬಂದು, ಪೊಸ್ಕಿಯಾವೋ ಅನ್ನುವ ಊರಲ್ಲಿ ಉಳಿದೆವು.

ದಿನ 3: ಪೊಸ್ಕಿಯಾವೋ

ಪಾಸ್ ಮುಟ್ಟದ ದಿನ. 7 ದಿನದ ಪಾಸಿನ ಸುಖ ಇದೇ, ಕೂತ ದಿನಕ್ಕೆ ಲೆಕ್ಕ ಇಲ್ಲ.

ಬೆಳಿಗ್ಗೆ ಅಮ್ಮನ ಉದ್ದನೆಯ ಕಪ್ಪು ಕೊಡೆ ತೆಗೆದುಕೊಂಡು ಅಪ್ಪ ಒಬ್ಬರೇ ಹೊರಟರು. ಮಳೆ ಇರಲಿಲ್ಲ. ಹಿಂದೆಯೇ ಹೋದೆ. ರಸ್ತೆ ಹಳಿಯನ್ನು ದಾಟುವ ಕಡೆ ನಿಂತು, ಎರಡೂ ಕಡೆ ನೋಡಿ, ಬಗ್ಗಿ ಕೊಡೆಯನ್ನು ಹಳಿಗಳ ನಡುವೆ ಅಡ್ಡ ಇಟ್ಟರು. ಕೊಡೆಯ ತುದಿ ಒಂದು ಹಳಿಗೆ ತಾಗಿತು. ಹಿಡಿಕೆ ಇನ್ನೊಂದು ಹಳಿಗೆ ನಾಲ್ಕು ಬೆರಳಿನಷ್ಟು ಗಿಡ್ಡ. ಆ ಸಂದಿಗೆ ನಾಲ್ಕು ಬೆರಳು ಸೇರಿಸಿ ಇಟ್ಟು ನೋಡಿದರು. ಸರಿ ಹೋಯಿತು. ಎದ್ದು ಕೈ ಒರೆಸಿಕೊಂಡು, "ಅಷ್ಟೇ ಇದೆ" ಅಂದರು. ಬೇರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಧ್ಯಾಹ್ನ ಪಿತ್ಸೊಕ್ಕೆರಿ ತಿಂದೆವು. ಬಕ್‌ವೀಟ್ ಹಿಟ್ಟಿನ ಪಟ್ಟಿ, ಆಲೂಗಡ್ಡೆ, ಎಲೆಕೋಸು, ಚೀಸ್, ಬೆಣ್ಣೆ, ಬೆಳ್ಳುಳ್ಳಿ. ಮಾಂಸ ಇಲ್ಲ. ಬಣ್ಣ ಥೇಟ್ ರಾಗಿ ಶಾವಿಗೆ. ಅಮ್ಮ ಚೀಲದಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡಳು. ಬಡಿಸುತ್ತಿದ್ದ ಹೆಂಗಸು ಅದೇನು ಅಂತ ಕೇಳಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅಡುಗೆಮನೆಯವರಿಗೂ ಒಂದಿಷ್ಟು ಇಸಿದುಕೊಂಡು ಹೋದಳು.

ದಿನ 4: ಇನ್ಸ್‌ಬ್ರುಕ್‌ಗೆ

ಬಂದ ದಾರಿಯಲ್ಲೇ ಬೆಟ್ಟ ಹತ್ತಿ ಇಳಿದು ಕೂರ್, ಅಲ್ಲಿಂದ ಸಾರ್ಗಾನ್ಸ್, ಅಲ್ಲಿ ಆಸ್ಟ್ರಿಯಾ ಕಡೆಯ ರೈಲು. ಬುಕ್ಸ್ ಅನ್ನುವ ಸ್ಟೇಷನ್‌ನಲ್ಲಿ ರೈಲು ದಿಕ್ಕು ಬದಲಿಸುತ್ತದೆ, ಮುಂದಿದ್ದದ್ದು ಹಿಂದಾಗುತ್ತದೆ. ಅಪ್ಪನಿಗೆ ಅದು ನಮ್ಮ ಅರಸೀಕೆರೆ ಜಂಕ್ಷನ್ ನೆನಪು ತಂದಿತು. ಬುಕ್ಸ್ ಬಿಟ್ಟ ಮೇಲೆ ಫೆಲ್ಡ್‌ಕಿರ್ಶ್ ಬರೋದರೊಳಗೆ ಲೀಖ್ಟನ್‌ಸ್ಟೈನ್ ಅನ್ನುವ ಇಡೀ ದೇಶದ ನೆಲ ದಾಟಿ ಆಗಿರುತ್ತದೆ. ಅಮ್ಮ ಕೋಡುಬಳೆ ಡಬ್ಬಿ ತೆಗೆದು ಮುಚ್ಚುವಷ್ಟರಲ್ಲಿ ಮುಗಿಯಿತು. ಮುಂದೆ ಆರ್ಲ್‌ಬೆರ್ಗ್ ಸುರಂಗ, 10 ಕಿಲೋಮೀಟರ್‌ಗೂ ಉದ್ದ, 1884ರಲ್ಲಿ ತೆರೆದದ್ದು.

ದಿನ 5: ಇನ್ ನದಿ

ಇನ್ಸ್‌ಬ್ರುಕ್ ಅಂದರೆ ಇನ್ ನದಿಯ ಸೇತುವೆ. ನದಿ ಊರಿನ ನಡುವೆಯೇ ಹರಿಯುತ್ತದೆ. ಬೂದು ಹಸಿರು ಬಣ್ಣ, ಜೋರು ಸೆಳೆತ. ದಡದಲ್ಲಿ ಒಂದು ಕಡೆ ಮೆಟ್ಟಿಲು ಸಿಕ್ಕಿತು. ಅಮ್ಮ ನನ್ನ ಭುಜ ಹಿಡಿದು ನಿಧಾನ ಇಳಿದು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಎಷ್ಟು ತಣ್ಣಗಿದೆ ನೋಡು" ಅಂತ ಒದ್ದೆ ಕೈಯನ್ನು ನನ್ನ ಕೆನ್ನೆಗಿಟ್ಟಳು.

ದಿನ 6: ಜರ್ಮನಿ ಮುಟ್ಟದೆ ಜರ್ಮನಿ ದಾಟಿದ್ದು

ಇನ್ಸ್‌ಬ್ರುಕ್‌ನಿಂದ ಸಾಲ್ಸ್‌ಬುರ್ಗ್. ಎರಡೂ ಆಸ್ಟ್ರಿಯಾದ ಊರುಗಳೇ. ಆದರೆ ಹತ್ತಿರದ ದಾರಿ ಇರೋದು ಜರ್ಮನಿಯೊಳಗೆ. ಕುಫ್‌ಸ್ಟೈನ್ ಹತ್ತಿರ ಗಡಿ ದಾಟಿ, ರೋಸೆನ್‌ಹೈಮ್ ಹತ್ತಿರ ತಿರುಗಿ, ಸಾಲ್ಸ್‌ಬುರ್ಗ್‌ನಲ್ಲಿ ಮತ್ತೆ ಆಸ್ಟ್ರಿಯಾಕ್ಕೆ. ನಡುವೆ ಜರ್ಮನಿಯಲ್ಲಿ ರೈಲು ನಿಲ್ಲುವುದೇ ಇಲ್ಲ. ಆದ್ದರಿಂದ ಅದು ಆಸ್ಟ್ರಿಯಾದೊಳಗಿನ ಪ್ರಯಾಣ ಅಂತಲೇ ಲೆಕ್ಕ. ನನ್ನ ಜರ್ಮನಿಯ ದಿನ ಖರ್ಚಾಗಲಿಲ್ಲ.

ಆದರೂ ಒಂಥರಾ ಅನ್ನಿಸಿತು. ಕಿಟಕಿಯಲ್ಲಿ ನನಗೆ ಗೊತ್ತಿರುವ ಭಾಷೆಯ, ಗೊತ್ತಿರುವ ಬಣ್ಣದ ಬೋರ್ಡ್‌ಗಳು, ಎಡಗಡೆ ಕೀಮ್ಜೇ ಕೆರೆಯ ಬೆಳ್ಳಿ ಗೆರೆ. ಮನೆ ಇರುವ ದೇಶ ಕಣ್ಣ ಮುಂದೆಯೇ ಹೋಗುತ್ತಿದೆ, ಇಳಿಯುವ ಹಾಗಿಲ್ಲ. ಊರಿಗೆ ಹೋದಾಗ ಬೆಂಗಳೂರಿಗೆ ವಾಪಸ್ ಬರುವ ರೈಲು ಕೆಲವು ಸಲ ಅಮ್ಮನ ಮನೆ ಹಿಂದೆಯೇ ಹಾದು ಹೋಗುತ್ತದೆ. ಹಿತ್ತಲಲ್ಲಿ ಒಣಗಿಸಿದ ಸೀರೆ ಕಾಣುತ್ತದೆ. ಅದೇ ನೆನಪಾಯಿತು.

ದಿನ 7: ಮ್ಯೂನಿಕ್‌ಗೆ ಎರಡು ರೈಲು

ಅಪ್ಪನಿಗೆ ಮ್ಯೂನಿಕ್‌ನಲ್ಲಿ ಹಳೇ ಎಂಜಿನ್‌ಗಳಿರುವ ಮ್ಯೂಸಿಯಂ ನೋಡಬೇಕಿತ್ತು. ಸಾಲ್ಸ್‌ಬುರ್ಗ್‌ನಿಂದ ಒಂದೂವರೆ ಎರಡು ಗಂಟೆ ದಾರಿ. ರಾತ್ರಿ ಆಪ್ ತೆಗೆದು ಮೂವರ ಪಾಸಿಗೂ ಬೆಳಗಿನ ರೈಲು ಸೇರಿಸುತ್ತಾ ಕೂತಿದ್ದೆ. ಅವರಿಬ್ಬರದ್ದು ಆಯಿತು. ನನ್ನದಕ್ಕೆ ಬೆರಳು ಇಡುವಾಗ ಅಪ್ಪ ನೋಟ್‌ಬುಕ್ ಮುಂದೆ ಹಿಡಿದರು.

"ನಾಳೆ ಜರ್ಮನಿಗೆ ಹೋದ್ರೆ ನಿಂದು ಬರೋ ದಿನ ಮುಗೀತಲ್ಲಮ್ಮ. ಆಮೇಲೆ ಹ್ಯಾಂಬರ್ಗ್‌ಗೆ ಹೆಂಗೆ ಹೋಗ್ತೀಯ?"

ನಾನು ಮರೆತೇಬಿಟ್ಟಿದ್ದೆ. ವಿಯೆನ್ನಾದಿಂದ ಹ್ಯಾಂಬರ್ಗ್‌ಗೆ ಕೊನೇ ಗಳಿಗೆಯಲ್ಲಿ ಟಿಕೆಟ್ ತೆಗೆದುಕೊಳ್ಳೋದು ಅಂದರೆ ಕೈ ಸುಡುವ ಖರ್ಚು.

ದಾರಿ ನನ್ನ ಮೊಬೈಲ್‌ನಲ್ಲೇ ಇತ್ತು. ನನ್ನ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಇದೆ. 2023ರ ಮೇ ತಿಂಗಳಲ್ಲಿ ಬಂದದ್ದು. ಆಗ ತಿಂಗಳಿಗೆ 49 ಯೂರೋ, 2025ರಲ್ಲಿ 58. ಅದರಲ್ಲಿ ಇಡೀ ಜರ್ಮನಿಯ ಪ್ಯಾಸೆಂಜರ್ ರೈಲು, ಊರೊಳಗಿನ ಬಸ್ಸು, ಟ್ರಾಮು, ಮೆಟ್ರೋ ಎಲ್ಲ ನಡೆಯುತ್ತದೆ. ಐಸಿಇ ಹಾಗಿನ ದೂರದ ರೈಲು ಮಾತ್ರ ಇಲ್ಲ. ಗಡಿಯಾಚೆ ಇದ್ದರೂ ಸಾಲ್ಸ್‌ಬುರ್ಗ್ ಸ್ಟೇಷನ್‌ವರೆಗೆ ಅದು ನಡೆಯುತ್ತದೆ. ಕುಫ್‌ಸ್ಟೈನ್‌ಗೂ, ಬಾಸೆಲ್‌ನ ಆ ಜರ್ಮನ್ ಸ್ಟೇಷನ್ನಿಗೂ ಹಾಗೇ. ಜರ್ಮನಿಯಲ್ಲಿ ವಾಸ ಇರುವವರು ಇಂಟರ್‌ರೇಲ್ ಪಾಸಿನ ಜೊತೆ ಇದನ್ನು ಇಟ್ಟುಕೊಂಡರೆ ಎರಡು ದಿನದ ಮಿತಿ ಅಷ್ಟು ಕಾಡುವುದಿಲ್ಲ. ಸ್ವಂತ ದೇಶದೊಳಗೆ ಸಣ್ಣ ಓಡಾಟಕ್ಕೆ ಇದು, ದೊಡ್ಡ ಓಟಕ್ಕೆ ಪಾಸ್.

ಹಾಗಾದರೆ ಮೂವರೂ ಪ್ಯಾಸೆಂಜರ್‌ನಲ್ಲೇ ಹೋಗೋಣ ಅಂದೆ. ಅಪ್ಪ ಒಪ್ಪಲಿಲ್ಲ. "ನಿಮ್ಮಮ್ಮ ನಿಂತುಕೊಂಡು ಬರೋಕಾಗಲ್ಲ. ಆ ವೇಗದ ರೈಲಲ್ಲಿ ನಾವು ಹೋಗ್ತೀವಿ. ಕೊನೇ ಸ್ಟೇಷನ್ನು ತಾನೆ? ರೈಲ್ವೆಯವನಿಗೆ ಇಷ್ಟೂ ಆಗಲ್ವಾ?"

ಬೆಳಿಗ್ಗೆ ಅವರನ್ನು ವೇಗದ ರೈಲಿಗೆ ಹತ್ತಿಸಿದೆ. ಬಾಗಿಲು ಮುಚ್ಚಿತು. ಅಮ್ಮ ಕಿಟಕಿಯಿಂದ ಕೈ ಆಡಿಸಿದಳು. ಎಂಟು ವರ್ಷದಿಂದ ಅವರು ಪ್ಲಾಟ್‌ಫಾರಂನಲ್ಲಿ ನಿಂತು ನನ್ನನ್ನು ಕಳಿಸುತ್ತಿದ್ದರು. ಮೊದಲ ಸಲ ನಾನು ನಿಂತಿದ್ದೆ. ಆಮೇಲೆ ನನ್ನ ರೈಲು ಹತ್ತಿ, ಪ್ರತಿ ಸ್ಟೇಷನ್ನಿಗೂ ಗಡಿಯಾರ ನೋಡುತ್ತಾ ಹೋದೆ.

ಮ್ಯೂನಿಕ್‌ನಲ್ಲಿ ಹಳಿಗಳೆಲ್ಲ ಒಂದು ಸಾಲಿಗೆ ಬಂದು ಮುಗಿಯುತ್ತವೆ. ನನ್ನ ರೈಲು ನಿಂತ ಪ್ಲಾಟ್‌ಫಾರಂ ಪಕ್ಕದ ಮೂಲೆಯದ್ದು. ಅಷ್ಟು ದೂರ ಅವರು ಹೇಗೆ ಹುಡುಕಿಕೊಂಡು ಬಂದರೋ, ಹಳಿ ಮುಗಿಯುವ ಕಡೆ ಇಬ್ಬರೂ ನಿಂತಿದ್ದರು. ಅಮ್ಮನ ಕೈಯಲ್ಲಿ ಕಾಗದಕ್ಕೆ ಸುತ್ತಿದ ಬ್ರೆಟ್ಸೆಲ್. ತಾನೇ ಅಂಗಡಿಗೆ ಹೋಗಿ, ಬೆರಳು ತೋರಿಸಿ, ದುಡ್ಡು ಕೊಟ್ಟು ತಂದಿದ್ದಳು. "ನಿಂಗೆ ಹಸಿವಾಗಿರುತ್ತೆ ಅಂತ."

ಆ ಬ್ರೆಟ್ಸೆಲ್ ನಾನು ಯಾರಿಗೂ ಕೊಡದೆ ತಿಂದೆ. ಮ್ಯೂಸಿಯಂನಲ್ಲಿ ಅಪ್ಪ ನಾಲ್ಕು ಗಂಟೆ ಇದ್ದರು. ಸಂಜೆ ಮತ್ತೆ ಎರಡು ರೈಲಲ್ಲಿ ಸಾಲ್ಸ್‌ಬುರ್ಗ್‌ಗೆ ವಾಪಸ್.

ದಿನ 8, 9, 10: ವಿಯೆನ್ನಾ

ಸಾಲ್ಸ್‌ಬುರ್ಗ್‌ನಿಂದ ಎರಡೂವರೆ ಗಂಟೆಯೊಳಗೆ ವಿಯೆನ್ನಾ. ಊರೊಳಗಿನ ಮೆಟ್ರೋಗೆ, ಟ್ರಾಮಿಗೆ ಪಾಸ್ ನಡೆಯಲ್ಲ, ಬೇರೆ ಟಿಕೆಟ್ ಬೇಕು. ಅರಮನೆ, ಮಾರ್ಕೆಟ್ಟು, ಒಂದು ಮಳೆಗಾಲದಂಥ ಮಧ್ಯಾಹ್ನ. ಅಮ್ಮ ಎರಡನೇ ದಿನ ರೂಮಲ್ಲೇ ಅನ್ನ ಸಾರು ಮಾಡಿದಳು, ಎಲ್ಲರಿಗೂ ಜೀವ ಬಂತು. ಡ್ಯಾನ್ಯೂಬ್ ಸೇತುವೆ ಮೇಲೆ ನಿಂತಾಗ ಅವಳು ಕೇಳಿದ್ದು ಒಂದೇ: "ನಮ್ಮ ಕಪ್ಪು ಕೆರೆ ನೀರು ಇದರಲ್ಲಿ ಸೇರಿದೆಯಾ?" ಸೇರಿದೆ ಅಂದೆ. ಎಲ್ಲಿ ಸೇರುತ್ತೆ ಅಂತ ನಾಳೆ ತೋರಿಸ್ತೀನಿ ಅಂದೆ.

ದಿನ 11: ಬರೋ ದಿನ

ಉಳಿಸಿಟ್ಟುಕೊಂಡ ನನ್ನ ಎರಡನೇ ದಿನ. ವಿಯೆನ್ನಾದಿಂದ ಲಿಂಟ್ಸ್, ಪಸ್ಸಾವ್, ನ್ಯೂರ್ನ್‌ಬರ್ಗ್, ವ್ಯೂರ್ಟ್ಸ್‌ಬುರ್ಗ್. ಅಲ್ಲಿ ಹ್ಯಾಂಬರ್ಗ್ ರೈಲಿಗೆ ಬದಲಿ.

ಪಸ್ಸಾವ್ ಬರುವ ಮುಂಚೆ ರೈಲು ಇನ್ ನದಿಯ ಪಕ್ಕದಲ್ಲೇ ಓಡಿ, ಸೇತುವೆ ದಾಟಿ ಜರ್ಮನಿಗೆ ಸೇರುತ್ತದೆ. ಈ ಊರಲ್ಲೇ ಇನ್ ಹೋಗಿ ಡ್ಯಾನ್ಯೂಬ್‌ಗೆ ಸೇರೋದು. ಸಂಗಮ ರೈಲಿನಿಂದ ಕಾಣಲ್ಲ. ಆದರೆ ಸೇತುವೆ ಮೇಲೆ ಎಲ್ಲರೂ ಎದ್ದು ನಿಂತೆವು. ಅಷ್ಟು ಎತ್ತರದ ಕೆರೆಯ ಪಕ್ಕ ಶುರುವಾದ ನೀರು ಇಲ್ಲಿ ಇಷ್ಟು ಅಗಲ ಆಗಿತ್ತು. ಅಮ್ಮ ಕೈ ಮುಗಿದಳು.

ಪಸ್ಸಾವ್‌ನಲ್ಲಿ ಪೊಲೀಸರು ಹತ್ತಿ ಪಾಸ್‌ಪೋರ್ಟ್ ನೋಡಿದರು. ಮೂರೂ ಒಂದೇ ಬಣ್ಣದ ಪಾಸ್‌ಪೋರ್ಟ್. ಅಪ್ಪ ಅಮ್ಮನದ್ದರಲ್ಲಿ ವೀಸಾ ನೋಡಿ, "ಎಲ್ಲಿಗೆ ಹೋಗ್ತಿದ್ದೀರಿ?" ಅಂತ ಕೇಳಿದರು. "ಮಗಳ ಮನೆಗೆ" ಅಂತ ಅಪ್ಪ ಇಂಗ್ಲಿಷ್‌ನಲ್ಲಿ ಹೇಳಿದರು. ನನ್ನದರ ಜೊತೆ ಇದ್ದ ವಾಸದ ಕಾರ್ಡ್ ನೋಡಿ, ನನಗೆ ಏನೂ ಕೇಳದೆ ವಾಪಸ್ ಕೊಟ್ಟರು.

ಆಮೇಲೆ ದಿನವಿಡೀ ಉತ್ತರಕ್ಕೆ. ಬವೇರಿಯಾದ ಹೊಲ, ಸುರಂಗ, ಮತ್ತೆ ಹೊಲ. ಬಿಳಿ ಗೋಡೆ ಹೋಗಿ ಕೆಂಪು ಇಟ್ಟಿಗೆ ಬಂತು. ರಾತ್ರಿ ಎಲ್ಬೆ ನದಿಯ ಸೇತುವೆಗಳ ಮೇಲೆ ರೈಲು ನಿಧಾನ ಆದಾಗ ಬಂದರಿನ ದೀಪಗಳು ಕಂಡವು. "ಬಂತು ನಮ್ಮೂರು" ಅಂದಳು ಅಮ್ಮ, ಚೀಲ ಕೆಳಗಿಳಿಸುತ್ತಾ.

ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ ಅಪ್ಪ ನೋಟ್‌ಬುಕ್ ಬಿಡಿಸಿದರು. "ನಾವು" ಕಾಲಂನಲ್ಲಿ 7. "ಪುಟ್ಟಿ" ಕಾಲಂನಲ್ಲಿ 6. ಮ್ಯೂನಿಕ್ ದಿನ ನನ್ನ ಪಾಸ್ ಮುಟ್ಟದೆ ಹೋಗಿದ್ದರಿಂದ ಒಂದು ದಿನ ಉಳಿದಿತ್ತು. ತಿಂಗಳು ಮುಗಿಯೋಕೆ ಇನ್ನೂ ಎರಡು ವಾರಕ್ಕೂ ಜಾಸ್ತಿ ಇತ್ತು.

"ಜರ್ಮನಿಯಲ್ಲಿ ನಡೆಯಲ್ಲ ಅಲ್ವಾ ಇದು?"

"ಇಲ್ಲ ಅಪ್ಪ. ಹೊರಗೆ ಮಾತ್ರ."

ಅವರು ಭೂಪಟ ತೆಗೆದರು. ಹ್ಯಾಂಬರ್ಗ್‌ನಿಂದ ಮೇಲಕ್ಕೆ ಬೆರಳು ಎಳೆದರು. ಫ್ಲೆನ್ಸ್‌ಬುರ್ಗ್‌ವರೆಗೆ ಡಾಯ್ಚ್‌ಲಾಂಡ್ ಟಿಕೆಟ್. ಅಲ್ಲಿಂದ ಗಡಿಯಾಚೆಯ ಪಾಡ್‌ಬೋರ್ಗ್‌ಗೆ ಒಂದು ಸಣ್ಣ ಟಿಕೆಟ್. ಅಲ್ಲಿಂದ ಮುಂದೆ ಡೆನ್ಮಾರ್ಕ್, ಪಾಸ್. ಅವರಿಬ್ಬರಿಗೆ ಮಾತ್ರ ಈ ಸಲ ಕೈಯಿಂದ ದುಡ್ಡು ಕೊಟ್ಟು ಟಿಕೆಟ್.

"ಶನಿವಾರ ಬೆಳಿಗ್ಗೆ ಮೊದಲ ರೈಲು ಎಷ್ಟೊತ್ತಿಗೆ ನೋಡು" ಅಂದರು. ಅಮ್ಮ ಆಗಲೇ ಎದ್ದು ಚಪಾತಿ ಹಿಟ್ಟು ಎಷ್ಟಿದೆ ಅಂತ ಡಬ್ಬಿ ತೆಗೆದು ನೋಡುತ್ತಿದ್ದಳು.